ತಾನೇ ಮುಂದೆ ಬರುವ ಗರಗಸ

ನಮ್ಮ ಭಾವನ ಕಣ್ಣಿಗೆ ಈ ಲೋಕದಲ್ಲಿ ನೆಟ್ಟಗಿರುವ ವಸ್ತು ಒಂದೂ ಇಲ್ಲ! ನಾನು ಹೊರಿಸುತ್ತಿರುವ ಅಪವಾದವಲ್ಲ ಇದು, ಅವರೇ ಹೆಮ್ಮೆಯಿಂದ ಹೇಳಿಕೊಳ್ಳುವ ಮಾತು. ಭಾವ ಎಂದರೆ ನನ್ನ ಅಕ್ಕನ ಗಂಡ. ಸಿದ್ದಾಪುರ ಪೇಟೆಯಲ್ಲಿ ಅವರದೊಂದು ಕನ್ನಡಕದ ಅಂಗಡಿ. ಅಕ್ಕನ ಮದುವೆಯ ದಿನ ಮುಹೂರ್ತ ಮೀರುತ್ತಿದೆ ಎಂದು ಪುರೋಹಿತರು ಗಡಿಬಿಡಿ ಮಾಡುತ್ತಿದ್ದರೆ, ಮದುಮಗ ಮಣೆಯಿಂದ ಎದ್ದು ಹೋಗಿ ಮಂಟಪದ ಬಾಳೆಕಂಬವನ್ನು ಅಪ್ಪಿಕೊಂಡು ನಿಂತಿದ್ದರು. ನಮ್ಮ ಕಡೆಯವರಿಗೆಲ್ಲ ಗಾಬರಿ. ಹುಡುಗನಿಗೆ ಮನಸ್ಸಿಲ್ಲವೇ? ಬೇರೆ ಯಾರಾದರೂ ಇದ್ದಾರೆಯೇ? ಕಡೆಗೆ ಅಪ್ಪ ಹತ್ತಿರ ಹೋಗಿ ಮೆಲ್ಲಗೆ ಕೇಳಿದರೆ, "ಎಂತ ಇಲ್ಲೆ ಮಾವ, ಕಂಬ ಬಲಕ್ಕೆ ವಾಲಿದ್ದು. ಒಂದು ಕಲ್ಲು ಕೊಡಿ" ಎಂದರಂತೆ. ಕಲ್ಲು ಸಿಕ್ಕಿತು, ಕಂಬ ನೆಟ್ಟಗಾಯಿತು, ಆಮೇಲೆ ನನ್ನ ಅಕ್ಕನ ಕೈ ಹಿಡಿದರು. ಮದುವೆಯ ಫೋಟೋದಲ್ಲಿ ಎಲ್ಲರೂ ಕ್ಯಾಮರಾ ನೋಡುತ್ತಿದ್ದರೆ ಭಾವ ಒಬ್ಬರು ಕಂಬ ನೋಡುತ್ತಿದ್ದಾರೆ.

ಅಂಥವರು ಕನ್ನಡಕದ ಅಂಗಡಿ ಇಟ್ಟರೆ ಊರಿನ ಗತಿ ಏನಾಗಬೇಡ? ಬಸ್‌ ಸ್ಟ್ಯಾಂಡಿನಲ್ಲಿ ಗುರುತು ಪರಿಚಯವಿಲ್ಲದವರ ಮುಖಕ್ಕೆ ಕೈಹಾಕಿ ಕನ್ನಡಕ ಕಿತ್ತು, ಕಡ್ಡಿ ಬಗ್ಗಿಸಿ, ಮತ್ತೆ ಮೂಗಿನ ಮೇಲೆ ಕೂರಿಸಿ, "ಈಗ ಹೋಗಿ" ಎನ್ನುತ್ತಾರೆ. ಒಬ್ಬರು ಸಿಟ್ಟಿಗೆದ್ದು ಪೊಲೀಸ್ ಸ್ಟೇಷನ್ನಿಗೂ ಹೋಗಿದ್ದರು. ಅಲ್ಲಿ ಸಾಹೇಬರ ಕನ್ನಡಕವೂ ಸೊಟ್ಟಗಿತ್ತು, ಪ್ರಕರಣ ಅಲ್ಲಿಗೇ ಮುಗಿಯಿತು! ಊರಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆಯುವುದಿಲ್ಲ. 'ಕನ್ನಡಕದವರು' ಅಂದರೆ ಸಾಕು.

ಈ ಭಾವನಿಗೆ ಅಂಗಡಿಯಲ್ಲಿ ಕನ್ನಡಕ ಸಾಲಾಗಿಡಲು ಒಂದು ಕಪಾಟು ಬೇಕಾಯಿತು. ನಿಲ್ಕುಂದದ ಕಡೆಯ ಆಚಾರಿಯೊಬ್ಬರು ಮಾಡಿಕೊಟ್ಟರು. ಚಂದದ್ದೇ. ಭಾವ ಅದರ ಮೇಲೆ ಒಂದು ಗೋಲಿ ಇಟ್ಟರು. ಗೋಲಿ ಒಂದು ಗಳಿಗೆ ಯೋಚನೆ ಮಾಡಿ, ಎಡಕ್ಕೆ ಉರುಳಿ, ನೆಲಕ್ಕೆ ಬಿತ್ತು. ಭಾವ ಗೋಲಿಯನ್ನು ಎತ್ತಿ ಜೇಬಿಗೆ ಹಾಕಿಕೊಂಡು, "ಇನ್ನು ಮರ ಆನೇ ಕೊಯ್ತೆ" ಎಂದು, ಮರದ ಕೆಲಸ ಇನ್ನು ತಾವೇ ಮಾಡುವುದಾಗಿ ಘೋಷಿಸಿದರು. ಅಕ್ಕ ಒಳಗಿನಿಂದಲೇ ಹಣೆ ಚಚ್ಚಿಕೊಂಡಳು.

ಯಲ್ಲಾಪುರದ ಆಚೆ, ರಸ್ತೆಯಿಂದ ಒಳಗೆ, ಪ್ಯಾಕಿಂಗ್ ಪೆಟ್ಟಿಗೆ ಮಾಡುತ್ತಿದ್ದ ಕಾರ್ಖಾನೆಯೊಂದು ಮುಚ್ಚಿ ಎಷ್ಟೋ ಕಾಲವಾಗಿತ್ತು. ಅಲ್ಲಿಯ ಹಳೆಯ ಸಾಮಾನು ಮಾರಾಟಕ್ಕಿದೆ ಎಂದು ಯಾರೋ ಭಾವನ ಕಿವಿಗೆ ಹಾಕಿದರು. ನಾನು ಶಿರಸಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವಳು. ದೆವ್ವ, ಭೂತ ಎಲ್ಲ ಮನಸ್ಸಿನ ಭ್ರಮೆ ಎಂದು ಪ್ರತಿ ವರ್ಷ ಮಕ್ಕಳಿಗೆ ಗಟ್ಟಿ ದನಿಯಲ್ಲಿ ಹೇಳುವವಳು. ಮಷೀನಿನ ವಿಷಯ ಬಲ್ಲವರೊಬ್ಬರು ಜೊತೆಗಿರಲಿ ಎಂದು ಭಾವ ನನ್ನನ್ನು ಜೀಪಿಗೆ ಹತ್ತಿಸಿಕೊಂಡರು. ನಾನು ಬಲ್ಲ ಮಷೀನು ಮಿಕ್ಸರ್ ಒಂದೇ!

ತಗಡಿನ ಮಾಡಿನ ದೊಡ್ಡ ಕತ್ತಲೆ ಕೋಣೆ. ನೆಲದ ತುಂಬ ಹಳೆಯ ಮರದ ಹುಡಿ. ಕಾಲಿಟ್ಟರೆ ಸದ್ದೇ ಇಲ್ಲ. ನಮ್ಮ ಮಾತು ಕೂಡ ಬಾಯಿಂದ ಹೊರಟು ಆ ಹುಡಿಯಲ್ಲಿ ಹೂತುಹೋಗುತ್ತಿತ್ತು. ಮೂಲೆಯಲ್ಲಿ ಅದು ನಿಂತಿತ್ತು. ಹಿಂದೆ ಒಂದು ದಪ್ಪ ಕಬ್ಬಿಣದ ಕಂಬ. ಕಂಬದ ತಲೆಯಿಂದ ಮುಂದಕ್ಕೆ ಚಾಚಿದ ಒಂದೇ ಒಂದು ತೋಳು. ತೋಳಿನ ಕೆಳಗೆ ನೇತಾಡುವ ಮೋಟಾರು, ಮೋಟಾರಿಗೆ ಕಚ್ಚಿಕೊಂಡ ದುಂಡನೆಯ ಗರಗಸ. ಅದರ ಕೆಳಗೆ ಮರದ ಟೇಬಲ್ಲು. ಟೇಬಲ್ಲಿನ ಮೇಲೆ ಹಲಗೆ ಇಟ್ಟು ಹಿಡಿಕೆ ಹಿಡಿದೆಳೆದರೆ, ಗರಗಸ ತೋಳಿನುದ್ದಕ್ಕೂ ಜಾರಿಕೊಂಡು ನಿಮ್ಮ ಎದೆಯ ಕಡೆಗೇ ಬರುತ್ತದೆ. ಬರುವ ದಾರಿಯಲ್ಲಿ ಹಲಗೆಯನ್ನು ಕೊಯ್ಯುತ್ತದೆ. ರೇಡಿಯಲ್ ಆರ್ಮ್ ಸಾ ಎಂದು ಇದರ ಹೆಸರಂತೆ. ನಮ್ಮ ಮನೆಯಲ್ಲಿ ಮುಂದೆ ಇದಕ್ಕೆ ಬರೀ 'ಅದು' ಎಂದು ಹೆಸರಾಯಿತು.

ಅಲ್ಲಿಯ ಕಾವಲುಗಾರ ಹಾವೇರಿಯ ಕಡೆಯವನು. ಬಾಗಿಲು ತೆಗೆದುಕೊಟ್ಟವನು ಒಳಗೆ ಬರಲೇ ಇಲ್ಲ.

"ತಗೊಂಡ ಹೋಗ್ರಿ ಸಾಹೇಬ್ರ, ಬ್ಯಾಡ ಅನ್ನಂಗಿಲ್ಲ. ಆದ್ರ ಅದರ ಮುಂದ ನಿಂದರಬ್ಯಾಡ್ರಿ. ಅದು ತಾನ ಬರ್ತೈತಿ."

"ಕರೆಂಟ್ ಇದ್ದಾಗಲಾ?" ಭಾವ ಕೇಳಿದರು.

"ಕರೆಂಟ್ ತೆಗದು ಯಾವ ಕಾಲ ಆತ್ರೀ! ಹಂಗ ಬರ್ತೈತಿ. ಒಬ್ಬಾಂವನ ಕೈ ತಗೊಂಡೈತಿ."

ನನ್ನ ಮೈಯಲ್ಲಿ ವಿಜ್ಞಾನವೆಲ್ಲ ಒಮ್ಮೆ ಝುಮ್ಮೆಂದಿತು. ಭಾವನ ಕಣ್ಣು ಮಾತ್ರ ಹೊಳೆಯಿತು. ಅವರು ನೆಲಕ್ಕೆ ಕುಕ್ಕುರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡಿ, "ಇಲ್ಲಿಯ ನೆಲ ವಾರೆ ಇದ್ದು ತಂಗಿ, ಅಷ್ಟೇ" ಎಂದರು. ಕೈ ಕಳೆದುಕೊಂಡವನ ಬಗ್ಗೆ ಒಂದು ಮಾತಿಲ್ಲ! ನೆಲದ ಬಗ್ಗೆ ಮಾತ್ರ ವ್ಯಥೆ.

ಭಾವನ ಮನೆ ಸಿದ್ದಾಪುರ ಪೇಟೆ ಮುಗಿಯುವಲ್ಲಿ, ರಸ್ತೆಗೆ ತಾಗಿ ಇದೆ. ಹಿತ್ತಲಾಚೆ ಇಳಿಜಾರು. ಇಳಿಜಾರಿನ ಅಂಚಿಗೆ ಸಿಮೆಂಟು ನೆಲದ ಒಂದು ಶೆಡ್ಡು. ಅದು ಬಂದು ಅಲ್ಲಿ ಕೂತಿತು. ಶೆಡ್ಡಿನ ನೇರ ಕೆಳಗೆ, ಧರೆಯ, ಅಂದರೆ ಕಡಿದಾದ ಮಣ್ಣಿನ ದಿಬ್ಬದ, ಬುಡದಲ್ಲಿ ರುಕ್ಮಾಬಾಯಿಯವರ ಮನೆ.

ರುಕ್ಮಾಬಾಯಿ ನಿವೃತ್ತ ನರ್ಸು. ಕರಾವಳಿಯಿಂದ ಕೆಲಸಕ್ಕೆಂದು ಘಟ್ಟ ಹತ್ತಿ ಬಂದವರು ಇಲ್ಲೇ ಮನೆ ಮಾಡಿಕೊಂಡು ನಿಂತರು. ಊರಿನ ಅರ್ಧ ಜನರ ಸೊಂಟಕ್ಕೆ ಸೂಜಿ ಚುಚ್ಚಿದವರು, ಹಾಗಾಗಿ ಊರಿನ ಅರ್ಧ ಜನ ಅವರೆದುರು ದನಿಯೆತ್ತುವುದಿಲ್ಲ. ಎತ್ತುವವರು ನಮ್ಮ ಭಾವ ಒಬ್ಬರೇ. ಬೇಸಗೆಯಲ್ಲಿ ರುಕ್ಮಾಬಾಯಿ ಬಟ್ಟೆ ಒಣಗಿಸಲು ಜಾಗ ಸಾಲದೆಂದು ಅಡುಗೆಮನೆಯ ಹಿಂದಿನ ಧರೆಯನ್ನು ಜೆಸಿಬಿ ತರಿಸಿ ಗೋಡೆಯ ಹಾಗೆ ಕಡಿಸಿದ್ದರು. ಭಾವ ಮೇಲಿನಿಂದ ಬಗ್ಗಿ ನೋಡಿ ಆಕ್ಷೇಪ ಎತ್ತಿದರು. ಯಾಕೆ ಕಡಿಸಿದಿರಿ ಎಂದಲ್ಲ. ಕಡಿಸಿದ್ದು ಬಲಕ್ಕೆ ಸ್ವಲ್ಪ ವಾರೆಯಾಗಿದೆ ಎಂದು!

"ನನ್ನ ಧರೆ, ನನ್ನ ವಾರೆ. ನಿಮಗೇನ್ರೀ ಕನ್ನಡಕದವ್ರೆ?" ಎಂದು ಅವರು ಕೆಳಗಿನಿಂದ ಕೂಗಿದ್ದರು. ಅಂದಿನಿಂದ ಇಬ್ಬರೂ ಒಂದು ದಿನವೂ ಜಗಳ ತಪ್ಪಿಸಿದವರಲ್ಲ.

ಶನಿವಾರ ಶಾಲೆ ಮುಗಿಸಿ ನಾನು ಕಾನಸೂರಿನ ಮೇಲೆ ಹೋಗುವ ಬಸ್ಸು ಹತ್ತಿ ಅಕ್ಕನ ಮನೆಗೆ ಬರುವುದು ರೂಢಿ. ಬಂದವಳನ್ನು ಭಾವ ಚಾ ಕುಡಿಯಲೂ ಬಿಡದೆ ಶೆಡ್ಡಿಗೆ ಎಳೆದುಕೊಂಡು ಹೋದರು. ಟೇಬಲ್ಲನ್ನು ಸಮ ಮಾಡಬೇಕಿತ್ತು. ನಾನು ಬುದ್ಧಿವಂತಳಂತೆ ಗಾರೆಯವರು ಬಳಸುವ ಗುಳ್ಳೆಯ ಮಟ್ಟಗೋಲನ್ನು ಟೇಬಲ್ಲಿನ ಮೇಲಿಟ್ಟೆ. ಭಾವ ಅದನ್ನು ಎತ್ತಿ ಬದಿಗಿಟ್ಟರು.

"ಹಂಗಲ್ಲ ತಂಗಿ. ಟೇಬಲ್ಲು ಭೂಮಿಗೆ ಸಮ ಇರ್ಲಿ, ಬಿಡ್ಲಿ. ಮೇಲಿಪ್ಪ ತೋಳಿಗೆ ಸಮ ಇರವು."

ಗರಗಸವನ್ನು ಬಿಚ್ಚಿ ತೆಗೆದಿದ್ದರು. ಅದರ ಜಾಗದಲ್ಲಿ ನೆಲ ನೋಡುವಂತೆ ಒಂದು ಉದ್ದ ಬೋಲ್ಟು ಕಟ್ಟಿದ್ದರು. ತೋಳನ್ನು ಎಡಕ್ಕೆ, ಬಲಕ್ಕೆ, ಹಿಂದೆ, ಮುಂದೆ ತಿರುಗಿಸಿದಲ್ಲೆಲ್ಲ ಆ ಬೋಲ್ಟಿನ ತುದಿಗೂ ಟೇಬಲ್ಲಿಗೂ ನಡುವೆ ಒಂದು ಕಾಗದ ಒಂದೇ ಬಿಗಿಯಲ್ಲಿ ಹಿಡಿಯಬೇಕು. ಕಾಗದ ಯಾವುದು? ಮದುವೆಯ ಕರೆಯೋಲೆ! ಅಕ್ಕ ಕೂಡಿಟ್ಟಿದ್ದ ಕಟ್ಟನ್ನೇ ಭಾವ ಹೊತ್ತು ತಂದಿದ್ದರು. ದೊಡ್ಡವರ ಮನೆಯ ಪತ್ರಿಕೆಗಳು ದಪ್ಪವಾಗಿ ಒಳಗೇ ನುಗ್ಗಲಿಲ್ಲ. ಕಡೆಗೆ ತ್ಯಾಗಲಿಯ ದೂರದ ನೆಂಟರ ತೆಳ್ಳನೆಯ ಪತ್ರಿಕೆ ಸರಿಹೋಯಿತು. ಆ ಮದುವೆಗೆ ನಾವು ಯಾರೂ ಹೋಗಿರಲಿಲ್ಲ. ಆದರೂ ಅದನ್ನು ಬೋಲ್ಟಿನಡಿ ತೂರಿಸಿ ತೂರಿಸಿ ವಧೂವರರ ಹೆಸರು, ಅವರ ಅಜ್ಜಂದಿರ ಹೆಸರು, ಊಟದ ಹೊತ್ತು ಎಲ್ಲ ನನಗೆ ಬಾಯಿಪಾಠವಾಯಿತು.

"ಹಿಡೀತಾ?"

"ಹಿಡೀತು ಭಾವ."

"ಎಷ್ಟು ಹಿಡೀತು? ಬೆಕ್ಕಿನ ಬಾಯಿ ಹಿಡದ ಹಂಗಾ, ನಾಯಿ ಬಾಯಿ ಹಿಡದ ಹಂಗಾ?"

ಇಂಥ ಪ್ರಶ್ನೆಗೆ ಯಾವ ವಿಜ್ಞಾನದಲ್ಲಿ ಉತ್ತರವಿದೆ? ಸಂಜೆಯ ಹೊತ್ತಿಗೆ ನಾಲ್ಕೂ ಮೂಲೆಯಲ್ಲಿ ಬೆಕ್ಕಿನ ಬಾಯಿಯೇ ಹಿಡಿಯಿತು. ಮೇಲಾಗಿ, ಕೈಬಿಟ್ಟರೆ ಗರಗಸದ ತಲೆ ಮುಂದೆ ಬಾರದೆ ಹಿಂದಕ್ಕೇ ಸರಿದು ಕಂಬಕ್ಕೆ ಒರಗಲಿ ಎಂದು ಮುಂದಿನ ಕಾಲುಗಳಡಿ ಮರದ ಬೆಣೆ ಕೊಟ್ಟರು. ತಳ್ಳಿ ನೋಡಿದೆವು. ಅದು ವಿಧೇಯ ಸೊಸೆಯ ಹಾಗೆ ಹಿಂದೆ ಹೋಗಿ ನಿಂತಿತು. ಭಾವ ಅಂದು ರಾತ್ರಿಯೂಟಕ್ಕೆ ಎರಡು ಸಲ ಪಾಯಸ ಹಾಕಿಸಿಕೊಂಡರು.

ಮುಂದಿನ ಶನಿವಾರ ಜಡಿಮಳೆಯಲ್ಲಿ ನೆನೆದುಕೊಂಡು ಬಂದರೆ ಭಾವನ ಮುಖ ಒಣಗಿತ್ತು. ಮುಂದಿನ ಬಲ ಮೂಲೆಯಲ್ಲಿ ಪತ್ರಿಕೆ ಹಿಡಿಯುತ್ತಲೇ ಇರಲಿಲ್ಲ. ಬೋಲ್ಟಿನಡಿ ಸರಾಗವಾಗಿ ಹೋಗಿ ಬರುತ್ತಿತ್ತು. ಆ ಕಡೆಯ ಕಾಲು ತಗ್ಗಿ, ಒಂದು ಕೂದಲೆಳೆಯಷ್ಟು ಆ ಮೂಲೆ ಇಳಿದಿತ್ತು.

"ನಿಂಗಳ ಸ್ಕ್ರೂ ಸಡಿಲಾಗಿರ್ತು" ಎಂದಳು ಅಕ್ಕ. ಯಾವ ಸ್ಕ್ರೂ ಎಂದು ಅವಳು ಬಿಡಿಸಿ ಹೇಳಲಿಲ್ಲ.

ಮತ್ತೆ ಸಮ ಮಾಡಿದೆವು. ಮತ್ತೊಂದು ಬೆಣೆ ಕೊಟ್ಟೆವು. ಅದರ ಮುಂದಿನ ವಾರ ಮತ್ತೆ ಅದೇ ಮೂಲೆ. ಭಾವ ಇಲಿಯ ಮೇಲೆ ಅನುಮಾನಪಟ್ಟರು, ಸಿಮೆಂಟಿನ ಮೇಲೆ ಪಟ್ಟರು, ಕಡೆಗೆ ನನ್ನ ಮೇಲೂ ಪಟ್ಟರು.

ಒಂದು ಮಧ್ಯಾಹ್ನ ಅಕ್ಕ, ಭಾವ ಇಬ್ಬರೂ ಉಪನಯನವೊಂದಕ್ಕೆ ಹೋಗಿದ್ದರು. ಬಟ್ಟೆಗೆ ಕಟ್ಟುವ ಹಗ್ಗ ಹುಡುಕಿಕೊಂಡು ನಾನು ಶೆಡ್ಡಿಗೆ ಹೋದೆ. ಕರೆಂಟಿರಲಿಲ್ಲ. ಗಾಳಿಯೂ ಇರಲಿಲ್ಲ. ಅದರ ತಲೆ ಹಿಂದೆ ಕಂಬಕ್ಕೆ ಒರಗಿತ್ತು, ಬೋಲ್ಟು ನೆಲ ನೋಡುತ್ತಿತ್ತು. ನಾನು ತಿರುಗಿ ಮೊಳೆಯಿಂದ ಹಗ್ಗ ತೆಗೆದುಕೊಂಡೆ. ಮತ್ತೆ ಈ ಕಡೆ ತಿರುಗಿದಾಗ ತಲೆ ಕಂಬದ ಹತ್ತಿರ ಇರಲಿಲ್ಲ. ತೋಳಿನ ನಡುವಿಗೆ ಬಂದು ನಿಂತಿತ್ತು.

ಮೊದಲೇ ಅಲ್ಲಿತ್ತೇನೋ ಎಂದುಕೊಂಡೆ. ಹಾಗೆ ಅಂದುಕೊಳ್ಳುತ್ತಿರುವಾಗಲೇ ಅದು ಹೊರಟಿತು. ಅವಸರವಿಲ್ಲ. ಗಾಜಿನ ಮೇಲೆ ಗೋಲಿ ಉರುಳುವಂಥ ಸಣ್ಣ ಸದ್ದು. ಕುರುಡರು ಕೋಲೂರಿಕೊಂಡು ದಾರಿ ಹುಡುಕುವ ಹಾಗೆ ಆ ಬೋಲ್ಟು ಟೇಬಲ್ಲಿನ ಮೇಲೆ ಸುಳಿಯುತ್ತ ನನ್ನ ಕಡೆಗೆ ಬಂತು. ತೋಳಿನ ತುದಿ ಮುಟ್ಟುವ ಮುಂಚೆ ನಿಂತು, ಮತ್ತೆ ಸ್ವಲ್ಪ ಬಂತು. ನನ್ನನ್ನು ನೋಡಿತು. ಕಣ್ಣಿಲ್ಲದ್ದು ನೋಡುವುದು ಹೇಗೆ ಎಂದು ಕೇಳಬೇಡಿ. ನೋಡಿತು!

ನಾನು ಒಂದು ಚಪ್ಪಲಿ ಅಲ್ಲೇ ಬಿಟ್ಟು ಮನೆಯೊಳಗೆ ಸೇರಿದವಳು, ಅಕ್ಕ ಬರುವ ತನಕ ದೇವರ ಕೋಣೆಯಲ್ಲಿ ವಿಜ್ಞಾನದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

ಅಕ್ಕ ಬಂದು ನನ್ನ ಮುಖ ನೋಡಿದ್ದೇ, ದನಿ ತಗ್ಗಿಸಿ ಕೇಳಿದಳು: "ನಿಂಗೂ ಕಂಡ್ತನೇ?"

ಅವಳಿಗೆ ಮೊದಲೇ ಗೊತ್ತು! ಎಷ್ಟೋ ದಿನದಿಂದ ನೋಡುತ್ತಿದ್ದಾಳೆ. ಗಂಡನಿಗೆ ಹೇಳಿಲ್ಲ. ಹೇಳಿದರೆ ಶೆಡ್ಡಿನಲ್ಲೇ ಹಾಸಿಗೆ ಹಾಸಿಕೊಂಡಾರು ಎಂದು.

"ಅದೊಂದೇ ಅಲ್ದೇ" ಎಂದು ಅವಳು ನನ್ನ ಕೈ ಹಿಡಿದುಕೊಂಡಳು. "ಶೆಡ್ಡಿನ ಬಾಗ್ಲು ತಾನೇ ತೆಗೀತು. ಆನು ಚಿಲಕ ಹಾಕಿ ಬತ್ತೆ, ಬೆಳಗಾಗುವಾಗ ತೆಗದಿರ್ತು. ಬೇರೆ ಯಾರು ಕೂರ್ಸಿದ ಬಾಗ್ಲಾದ್ರೆ ಸೊಟ್ಟ ಇದ್ದು ಹೇಳ್ಲಕ್ಕಿತ್ತು. ಇವ್ರು ಕೂರ್ಸಿದ ಬಾಗ್ಲು! ಅದು ತಾನೇ ತೆಗೀತು ಹೇಳಾದ್ರೆ ಮನುಷ್ಯರ ಕೆಲ್ಸ ಅಲ್ಲ."

ಮನೆಯ ಬೆಕ್ಕು ಶೆಡ್ಡಿನ ಕಡೆ ಹೋಗುವುದನ್ನೇ ಬಿಟ್ಟಿತ್ತು. ಹಿತ್ತಲಲ್ಲಿ ಬಟ್ಟೆ ಹರವುವಾಗ ಕಾಲಡಿಯಿಂದ ಏನೋ ಒಂದು ಕರಕರ ಸದ್ದು, ಒಳಗೆ ಯಾರೋ ಹಲ್ಲು ಕಡಿದ ಹಾಗೆ. ಯಲ್ಲಾಪುರದ ಆ ಕೈ ಕಳೆದುಕೊಂಡವನು ದೆವ್ವವಾಗಿ ಜೀಪಿನಲ್ಲಿ ನಮ್ಮ ಜೊತೆಗೇ ಕೂತು ಬಂದಿದ್ದಾನೆ ಎಂದು ಅಕ್ಕ ತೀರ್ಮಾನಿಸಿಯಾಗಿತ್ತು. ಅವಳು ಅದೇ ಸಂಜೆ ಒಂದು ನಿಂಬೆಹಣ್ಣಿಗೆ ಕುಂಕುಮ ಹಚ್ಚಿ, ಮಂತ್ರ ಹೇಳಿ, ಕಣ್ಣು ಮುಚ್ಚಿಕೊಂಡೇ ಟೇಬಲ್ಲಿನ ನಡುವೆ ಇಟ್ಟಳು. ನಿಂಬೆಹಣ್ಣು ನಿಂತಿತು. ಸ್ವಲ್ಪ ಅಲುಗಿತು. ಆಮೇಲೆ ನೆಟ್ಟಗೆ ಅದೇ ಬಲ ಮೂಲೆಗೆ ಉರುಳಿ, ಕೆಳಗೆ ಬಿದ್ದು, ತೆರೆದಿದ್ದ ಬಾಗಿಲಿನಿಂದ ಹೊರಗೆ ಹೋಗಿ, ಇಳಿಜಾರಿನಲ್ಲಿ ಕಾಣದಾಯಿತು.

ಅಕ್ಕ ಕಿರುಚಿದಳು. ಹಿಂದೆ ಬಂದು ನಿಂತಿದ್ದ ಭಾವ ಚಪ್ಪಾಳೆ ತಟ್ಟಿದರು.

"ಎಂಥಾ ಚಲೋ ಆತು! ಇಷ್ಟು ದಿನ ಗೋಲಿ ಇಟ್ಟು ನೋಡ್ತಾ ಇದ್ದಿದ್ದೆ. ನಿಂಬೆಹಣ್ಣು ಇನ್ನೂ ಲಾ‌ಯ್ಕ ತೋರಿಸ್ತು!"

ಅಷ್ಟರಲ್ಲಿ ಕೆಳಗಿನಿಂದ ರುಕ್ಮಾಬಾಯಿಯವರ ಕೂಗು ಕೇಳಿತು. ಕೈಯಲ್ಲಿ ಒಂದು ಕೊಡಪಾನ ಹಿಡಿದು ಅವರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

"ಕನ್ನಡಕದವ್ರೆ, ನಿಮ್ಮ ಮಷೀನಿನ ಹುಡಿ ಹಾರಿ ನನ್ನ ಬಾವಿ ನೀರೆಲ್ಲ ಹಾಳು. ನೋಡಿ, ಬೆಳಿಗ್ಗೆಯಿಂದ ಕೆಂಪಗೆ ಬರ್ತಾ ಉಂಟು!"

ಕೊಡದಲ್ಲಿ ನೀರು ರಕ್ತ ಕಲೆಸಿದ ಹಾಗಿತ್ತು. ಅಕ್ಕ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು. ಆದರೆ ನಾನು ನೋಡುತ್ತಿದ್ದದ್ದು ಭಾವನನ್ನು. ಆ ಮಷೀನು ಬಂದಂದಿನಿಂದ ಒಂದು ದಿನವೂ ಹೆದರದ ಮನುಷ್ಯ, ಆ ನೀರನ್ನು ನೋಡಿ ಬೆಳ್ಳಗಾಗಿಬಿಟ್ಟರು. ಚಪ್ಪಾಳೆ ತಟ್ಟಿದ ಕೈಗಳು ಹಾಗೇ ಜೋಡಿಸಿಕೊಂಡೇ ಉಳಿದವು.

ಅವರು ಜಗಳವಾಡಲಿಲ್ಲ. ಹೋಗಿ ಗಾರೆಯವರ ನೀರಿನ ಪೈಪು ತಂದರು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ತುದಿಯ ಮಟ್ಟ ನೋಡುವಂಥದ್ದು. ಒಂದು ತುದಿ ನನ್ನ ಕೈಗೆ ಕೊಟ್ಟು ಶೆಡ್ಡಿನ ಸುತ್ತ, ಹಿತ್ತಲಿನ ಸುತ್ತ, ಮನೆಯ ಸುತ್ತ ಮರುದಿನವೆಲ್ಲ ತಿರುಗಿದರು. ಮನೆ ನಿಂತಿದ್ದು ಬಂಡೆಯ ಮೇಲೆ, ಅದು ಕದಲಿರಲಿಲ್ಲ. ಶೆಡ್ಡಿನ ಮೇಲ್ಬದಿಯ ಕುರುಚಲು ಗಿಡಗಳ ನಡುವೆ ಭಾವ ಬಗ್ಗಿ, ಹುಲ್ಲು ಸರಿಸಿದರು. ನೆಲದಲ್ಲಿ ಒಂದು ಗೆರೆ. ಕತ್ತಿಯಲ್ಲಿ ಎಳೆದಷ್ಟು ಸಣ್ಣದು. ಶೆಡ್ಡನ್ನು ಬಳಸಿಕೊಂಡು, ಕುಡುಗೋಲಿನ ಹಾಗೆ ಬಾಗಿ, ಎರಡೂ ಕಡೆ ಇಳಿಜಾರಿನಲ್ಲಿ ಇಳಿದು ಹೋಗಿತ್ತು. ಭಾವ ತ್ಯಾಗಲಿಯ ಮದುವೆಯ ಪತ್ರಿಕೆಯನ್ನು ಜೇಬಿನಿಂದ ತೆಗೆದು ಆ ಗೆರೆಯೊಳಗೆ ಇಳಿಬಿಟ್ಟರು. ಪತ್ರಿಕೆ ಪೂರ್ತಿ ಒಳಗೆ ಹೋಯಿತು. ಮತ್ತೆ ಸಿಗಲಿಲ್ಲ.

"ಟೇಬಲ್ಲು ಸರಿಯೇ ಇದ್ದು ತಂಗಿ" ಎಂದರು. "ನಂಗ ಎಲ್ಲ ನಿಂತ ನೆಲವೇ ಸರಿ ಇಲ್ಲೆ. ಗುಡ್ಡ ಹೊರಟಿದ್ದು. ಬಾವಿ ನೀರು ಕೆಂಪಾಗಿದ್ದು ಅದರ ಮಣ್ಣಿಗೇ."

ಈಗ ಕಷ್ಟ ನೋಡಿ! ಬದುಕಿಡೀ ಕಂಡದ್ದನ್ನೆಲ್ಲ ಸೊಟ್ಟ, ವಾರೆ, ವಾಲಿದೆ ಎಂದು ಕೂಗಿಕೊಂಡು ಬಂದವರು, ನಿಜವಾಗಿ ಒಂದು ಗುಡ್ಡವೇ ವಾಲಿದೆ ಎಂದರೆ ಯಾರು ನಂಬುತ್ತಾರೆ? ಅಕ್ಕಪಕ್ಕದವರು ಬಂದು ಗೆರೆ ನೋಡಿ, ಮಳೆಗಾಲದಲ್ಲಿ ನೆಲ ಬಿರಿಯುವುದು ಹೊಸತೇ ಎಂದು ನಕ್ಕರು. ಇದೇ ಭಾವ ಊರಿನ ನಾಟಕದ ವೇದಿಕೆ ವಾಲಿದೆ ಎಂದು ಪರದೆ ಏಳದಂತೆ ತಡೆದವರಲ್ಲವೇ? ರುಕ್ಮಾಬಾಯಿಯವರಂತೂ, "ನಿಮ್ಮ ಕಣ್ಣಿಗೆ ನನ್ನ ಮೂಗೂ ಸೊಟ್ಟ. ಹಾಗಂತ ಮೂಗು ಬಿಟ್ಟು ಹೋಗ್ಲಾ?" ಎಂದು ಬಾಗಿಲು ಹಾಕಿಕೊಂಡರು.

ಭಾವ ವಾದ ಮಾಡುವುದನ್ನು ಬಿಟ್ಟರು. ಮಾರನೇ ಬೆಳಿಗ್ಗೆ ಹೋಗಿ ಅವರ ಬಾಗಿಲ ಮುಂದೆ ಕೈಮುಗಿದು ನಿಂತರು. "ಒಂದೇ ಒಂದು ಸಲ ಮೇಲೆ ಬನ್ನಿ ರುಕ್ಮಾಬಾಯೇರೆ. ನೋಡಿ. ಆಮೇಲೆ ನಿಮ್ಮಿಷ್ಟ."

ಕೈಮುಗಿದ ಭಾವನನ್ನು ಅವರು ಯಾವತ್ತೂ ನೋಡಿರಲಿಲ್ಲ. ಬಂದರು. ನಾವೆಲ್ಲ ಶೆಡ್ಡಿನಲ್ಲಿ ನಿಂತೆವು. ಭಾವ ಮೇನ್ ಸ್ವಿಚ್ಚು ತೆಗೆದದ್ದನ್ನು ಅವರಿಗೆ ತೋರಿಸಿದರು. ಅದರ ತಲೆಯನ್ನು ಹಿಂದಕ್ಕೆ ತಳ್ಳಿ ಕಂಬಕ್ಕೆ ಒರಗಿಸಿ, ಕೈ ತೆಗೆದು, ದೂರ ಸರಿದರು.

ಅದು ಹೊರಟಿತು. ಈ ಸಲ ನಡುವೆ ನಿಲ್ಲಲೂ ಇಲ್ಲ. ಅದೇ ಗೋಲಿಯ ಸದ್ದು, ಅದೇ ಕುರುಡು ಬೋಲ್ಟು, ರುಕ್ಮಾಬಾಯಿಯವರ ಹೊಟ್ಟೆಯ ನೇರಕ್ಕೆ. ಎಷ್ಟೋ ಹೆಣಗಳ ಕಣ್ಣು ಮುಚ್ಚಿಸಿದ ಹೆಂಗಸು ಅವರು. ಒಂದು ಹೆಜ್ಜೆ ಹಿಂದೆ ಸರಿದರು.

"ಯಾರದು?" ಎಂದು ಕೇಳಿದರು. ಏನದು ಎಂದಲ್ಲ. ಯಾರದು ಎಂದು.

"ಯಾರೂ ಅಲ್ಲ" ಎಂದರು ಭಾವ. "ಯಾರಾದ್ರೂ ಆಗಿದ್ರೆ ಎಷ್ಟು ಚಲೋ ಇತ್ತು! ಒಂದು ತೆಂಗಿನಕಾಯಿ ಒಡೆದು ಮುಗಿಸ್ತಿದ್ದೆ. ಇದು ದೆವ್ವ ಅಲ್ಲ, ನಿಮ್ಮ ಅಡುಗೆಮನೆ ಹಿಂದಿನ ಗುಡ್ಡ."

ರುಕ್ಮಾಬಾಯಿ ಅಂದೇ ಟ್ರಂಕು, ಕುಕ್ಕರು ಹಿಡಿದುಕೊಂಡು ನಮ್ಮ ಅಕ್ಕನ ಮನೆಯ ಮುಂದಿನ ಕೋಣೆಗೆ ಬಂದರು. ನಾನು ಶಾಲೆಗೆ ರಜೆ ಹಾಕಿ ಅಲ್ಲೇ ಉಳಿದೆ.

ಆ ದಿನಗಳನ್ನು ನೆನೆದರೆ ಈಗಲೂ ನಗು ಬರುತ್ತದೆ, ಬೆನ್ನ ಮೇಲೆ ತಣ್ಣಗೂ ಆಗುತ್ತದೆ. ಮೀನಿಲ್ಲದೆ ಒಂದು ಹೊತ್ತೂ ಉಂಡವರಲ್ಲ ರುಕ್ಮಾಬಾಯಿ. ಅಕ್ಕನ ಮನೆಯಲ್ಲಿ ಬೆಳಿಗ್ಗೆ ತಂಬುಳಿ, ಮಧ್ಯಾಹ್ನ ತಂಬುಳಿ. "ಈ ಸೊಪ್ಪು ನೀರು ಕುಡಿದು ಸಾಯೋದಕ್ಕಿಂತ ಗುಡ್ಡದಡಿ ಸಾಯೋದು ಒಳ್ಳೇದು" ಎಂದು ಅವರು ಎಲೆಯ ಮುಂದೆ ಕೂತು ಗೊಣಗುತ್ತಿದ್ದರು. ಭಾವ ಅಂಗಡಿಗೆ ಹೋಗುವುದನ್ನೇ ಬಿಟ್ಟರು. ಬೆಳಗಾದ ಕೂಡಲೇ ಶೆಡ್ಡಿಗೆ ಹೋಗಿ ಅದರ ತಲೆಯನ್ನು ಹಿಂದಕ್ಕೆ ತಳ್ಳಿ ಬಂದು, ಹಿತ್ತಲ ಬಾಗಿಲಲ್ಲಿ ಕೂತು ನೋಡುವುದು. ಅದು ಬರುವುದು. ದಿನದಿನಕ್ಕೆ ಬೇಗ ಬೇಗ ಬರುವುದು. ಟೇಬಲ್ಲನ್ನು ಅವರು ಮತ್ತೆ ಮುಟ್ಟಲೇ ಇಲ್ಲ.

"ಇವ್ರು ಸೊಟ್ಟ ಇದ್ದದ್ದನ್ನ ಹಂಗೇ ಬಿಟ್ಟಿದ್ದು ಇದೇ ಮೊದ್ಲು" ಎಂದಳು ಅಕ್ಕ ಅಡುಗೆಮನೆಯಲ್ಲಿ, ಯಾರಿಗೂ ಅಲ್ಲದ ಹಾಗೆ. "ನಂಗೆ ಅದ್ಕಿಂತ ಇದೇ ಹೆದ್ರಿಕೆ ಆಗ್ತು."

ಮಳೆ ನಿಂತು ಬಿಸಿಲು ಬಿತ್ತು. ಆಕಾಶ ತೊಳೆದಿಟ್ಟ ಹಾಗೆ ನೀಲಿ. ಏನೂ ಆಗಲಿಲ್ಲ. ಊರಿನವರು ರಸ್ತೆಯಲ್ಲಿ ಹೋಗುವಾಗ, "ಗುಡ್ಡ ಎಲ್ಲಿಗೆ ಬಂತು ಕನ್ನಡಕದವ್ರೆ? ಬಸ್ಸಿಗೆ ಬರ್ತದೋ, ನಡಕೊಂಡೋ?" ಎಂದು ಕೇಳಿ ಹೋಗುತ್ತಿದ್ದರು. ಕಡೆಗೆ ಒಂದು ಬೆಳಿಗ್ಗೆ ರುಕ್ಮಾಬಾಯಿ ಟ್ರಂಕು ಎತ್ತಿಕೊಂಡೇಬಿಟ್ಟರು. ಬಿಸಿಲಿದೆ, ಬಟ್ಟೆ ಒಗೆಯಬೇಕು, ಮೀನಿನವನು ಬರುವ ಹೊತ್ತು.

ಭಾವ ಗೇಟಿಗೆ ಅಡ್ಡ ನಿಂತರು.

"ಬದಿಗೆ ಸರೀರಿ."

"ಇಲ್ಲ."

"ಇದೇನು ಜೈಲಾ? ನನ್ನ ಮನೆಗೆ ನಾನು ಹೋಗೋದು."

"ಹೋಗಕೂಡದು!" ಭಾವ ಕಿರುಚಿದರು. ನಮ್ಮ ಭಾವ ಕಿರುಚಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವರು ಟ್ರಂಕಿನ ಒಂದು ಹಿಡಿಕೆ ಹಿಡಿದು ಎಳೆದರು, ರುಕ್ಮಾಬಾಯಿ ಇನ್ನೊಂದು ಹಿಡಿಕೆ ಹಿಡಿದು ಎಳೆದರು. ಇಬ್ಬರು ದೊಡ್ಡವರು ರಸ್ತೆಯ ಬದಿಯಲ್ಲಿ ಟ್ರಂಕು ಜಗ್ಗಾಡುವುದನ್ನು ನೋಡಿ ನನಗೆ ನಗು ಒತ್ತರಿಸಿ ಬಂತು.

ಆಗ ಹಿತ್ತಲ ಕಡೆಯಿಂದ ಠಣ್ ಎಂದು ಒಂದು ಸದ್ದು. ಅದರ ತಲೆ ತೋಳಿನ ತುದಿಗೆ ಬಂದು ಹೊಡೆದ ಸದ್ದು. ಅಷ್ಟು ಜೋರಾಗಿ ಅದು ಯಾವತ್ತೂ ಹೊಡೆದಿರಲಿಲ್ಲ. ಅಕ್ಕ ಒಳಗಿನಿಂದ ಓಡಿ ಬಂದಳು. "ಬೈಂದು... ಅದು ತುದಿವರೆಗೆ ಪೂರ್ತಿ ಬೈಂದು..." ಎನ್ನುತ್ತ ಹಿತ್ತಲ ಕಡೆಗೆ ಕೈ ತೋರಿಸಿದಳು. ಟ್ರಂಕು ಇಬ್ಬರ ಕೈಯಿಂದಲೂ ಬಿತ್ತು. ಒಂದು ಹಕ್ಕಿಯ ದನಿಯೂ ಇರಲಿಲ್ಲ.

ದೊಡ್ಡ ಗುಡುಗಿನಂಥ ಸದ್ದಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ದಣಿದ ಮುದುಕರು ಉಸ್ಸೆಂದು ಕೂರುವಂತೆ ಗುಡ್ಡ ಕೂತಿತು. ಶೆಡ್ಡಿನ ಮಾಡು ನಮ್ಮ ಕಣ್ಣಮಟ್ಟದಿಂದ ಮೆಲ್ಲಗೆ ಕೆಳಗೆ ಹೋಯಿತು, ಒಡೆಯದೆ, ಓರೆಯಾಗದೆ, ಲಿಫ್ಟಿನಲ್ಲಿ ಇಳಿದ ಹಾಗೆ. ಆಮೇಲೆ ಕೆಳಗಿನಿಂದ ಹೆಂಚು ಒಡೆಯುವ ಸದ್ದು ಬಹಳ ಹೊತ್ತು ಬರುತ್ತಿತ್ತು. ಹೋಗಿ ನೋಡಿದಾಗ ರುಕ್ಮಾಬಾಯಿಯವರ ಅಡುಗೆಮನೆ, ಬಾವಿ, ಬಟ್ಟೆ ಒಣಗಿಸುವ ಜಾಗ ಯಾವುದೂ ಇರಲಿಲ್ಲ. ಕೆಂಪು ಮಣ್ಣಿನ ರಾಶಿಯಿಂದ ಕಬ್ಬಿಣದ ಆ ಒಂದು ತೋಳು ಮೇಲಕ್ಕೆ ಚಾಚಿಕೊಂಡಿತ್ತು, ಒಳಗಿರುವವರು ಯಾರೋ ಕೈ ಎತ್ತಿದ ಹಾಗೆ.

ಜನ ಸೇರಿದರು. ನಿನ್ನೆ ನಕ್ಕವರೆಲ್ಲ ಇಂದು, "ನಾವು ಅವತ್ತೇ ಹೇಳಿದ್ದೆವು" ಎಂದರು. ಭಾವನನ್ನು ಹುಡುಕಿ ಹೊಗಳಲು ಬಂದವರಿಗೆ ಅವರು ಸಿಗಲಿಲ್ಲ. ಮುಂಜಗಲಿಯ ಮೆಟ್ಟಿಲ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದರು. ನಾನು ಹತ್ತಿರ ಹೋದೆ.

"ತಂಗಿ" ಎಂದರು, ನಗಿಸಲು ನೋಡುತ್ತ. "ಈಗ ಆ ಟೇಬಲ್ಲು ಖರೇ ಸೊಟ್ಟ ಆಯ್ದು." ಹಲ್ಲುಗಳು ಕಟಕಟ ಎನ್ನುತ್ತಿದ್ದವು. ತಮ್ಮದೇ ಕನ್ನಡಕವನ್ನು ಕಿವಿಗೆ ಸಿಕ್ಕಿಸಲು ಆಗುತ್ತಿರಲಿಲ್ಲ.

ರುಕ್ಮಾಬಾಯಿ ಬಂದರು. ಮನೆ ಹೋದ ಹೆಂಗಸು, ಅಳುತ್ತಾರೆ ಎಂದುಕೊಂಡೆ, ಅಥವಾ ಭಾವನ ಕಾಲಿಗೆ ಬೀಳುತ್ತಾರೆ ಎಂದುಕೊಂಡೆ. ಅವರು ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲ ಮೇಲೆ ಭಾವನ ಪಕ್ಕದಲ್ಲಿ ಕೂತರು. ಭಾವನ ಬಲಗೈ ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡು, ಮಣಿಕಟ್ಟಿನ ಮೇಲೆ ಬೆರಳಿಟ್ಟು, ಅಂಗಳದ ಆಚೆ ಎಲ್ಲೋ ನೋಡುತ್ತ ನಾಡಿ ಎಣಿಸತೊಡಗಿದರು. ನಾಡಿ ನೋಡಿ ಮುಗಿಯುವಷ್ಟು ಹೊತ್ತು ಕಳೆಯಿತು. ಅದರ ಮೇಲೂ ಕಳೆಯಿತು. ಅವರು ಕೈ ಬಿಡಲಿಲ್ಲ. ಅಕ್ಕ ಚಾ ತಂದವಳು ಲೋಟಗಳನ್ನು ನೆಲದ ಮೇಲಿಟ್ಟು, ಗಂಡನ ಇನ್ನೊಂದು ಪಕ್ಕದಲ್ಲಿ ಕೂತಳು.